ಖಾಲಿ ಪಾತ್ರೆ ಕೊಡದ ಗುಣವಂತಮ್ಮ

ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಒರಗಿ ಕೂತವರಿಗೆ ಈ ಕತೆ ಅರ್ಥವಾಗುವುದಿಲ್ಲ.

ಒಂದಾನೊಂದು ಊರಿನಲ್ಲಿ ತಮ್ಮಣ್ಣಯ್ಯ, ಗುಣವಂತಮ್ಮ ಎಂಬ ಗಂಡ ಹೆಂಡತಿ ಇದ್ದರು. ಪಾತ್ರೆಗಳಿಗೆ ಮುಚ್ಚಳ ಮಾಡುವುದು ತಮ್ಮಣ್ಣಯ್ಯನ ಕೆಲಸ. ಆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವುದು ಗುಣವಂತಮ್ಮನ ಕೆಲಸ. ಸಾಮಾನ್ಯವಾಗಿ ಕೂತಿರುತ್ತಿರಲಿಲ್ಲ.

ಒಂದು ದಿನ ಗುಣವಂತಮ್ಮ ತನ್ನ ಮನೆಗೆ, "ನಿನ್ನ ಹೊಸ್ತಿಲು ಸೊಟ್ಟಗಿದೆ" ಎಂದಳು. ಮನೆಗೆ ಸಿಟ್ಟು ಬಂತು. ಅದು ಮೆಟ್ಟಿಲುಗಳನ್ನು ಸೀರೆಯ ನೆರಿಗೆಯಂತೆ ಎತ್ತಿ ಹಿಡಿದು, "ನಾನು ತವರಿಗೆ ಹೋಗುತ್ತೇನೆ" ಎಂದು ಹೊರಟೇ ಹೋಯಿತು. ಗಂಡ ಹೆಂಡತಿ ಬಯಲಿನಲ್ಲಿ ಟ್ರಂಕಿನ ಮೇಲೆ ಕೂತರು.

"ಸಿಟ್ಟು ಇಳಿದ ಮೇಲೆ ಬರುತ್ತೆ ಬಿಡೇ" ಎಂದ ತಮ್ಮಣ್ಣಯ್ಯ.

"ನಾನು ಹೇಳಿದ್ದರಲ್ಲಿ ತಪ್ಪೇನ್ರೀ? ಸೊಟ್ಟಗೇ ಇತ್ತು."

ಮನೆ ಬರಲಿಲ್ಲ. ಡಂಗುರದವನು ಬಂದ. ಸಮುದ್ರದ ಆಚೆ ಬಾಯ್ದೆರೆ ಎಂಬ ದೇಶವಿದೆಯಂತೆ. ಅಲ್ಲಿ ಯಾವುದಕ್ಕೂ ಮುಚ್ಚಳವಿಲ್ಲವಂತೆ. ಕಾಗೆಗಳ ಜಗಳ ಸಾರಿನೊಳಗೆ ಬಿದ್ದು ಸಾರು ಕಹಿಯಾಗುತ್ತದಂತೆ. ಚಂದ್ರ ಬಾವಿಗೆ ಬಿದ್ದು, ಬೆಳಿಗ್ಗೆ ಬಕೆಟ್ಟಿನಲ್ಲಿ ಸೇದಿ ಒಣಹಾಕಬೇಕಂತೆ. ಮುಚ್ಚಳ ಮಾಡುವವರು ಬೇಕಾಗಿದ್ದಾರಂತೆ.

"ಹೋದರೆ ಬಹಳ ವರ್ಷ ಇರಬೇಕಾಗುತ್ತೆ ಕಣೇ" ಎಂದ ತಮ್ಮಣ್ಣಯ್ಯ.

"ಇಲ್ಲಿ ಇರುವುದಕ್ಕೆ ಏನಿದೆ? ಟ್ರಂಕು ಎತ್ತಿ."

ಬಾಯ್ದೆರೆ ದೇಶದ ಬಾಗಿಲಿನಲ್ಲಿ ಮಹಾರಾಜರೇ ಕೂತಿದ್ದರು. ಯುದ್ಧ, ಬೆಳೆ, ಬೊಕ್ಕಸ ಯಾವುದೂ ಅವರಿಗೆ ಬೇಕಿರಲಿಲ್ಲ. ಯಾರು ಅತಿಥಿ, ಯಾರು ಊರಿನವರು ಎಂಬುದೊಂದೇ ಅವರಿಗಿದ್ದ ಚಿಂತೆ. ಊಟಕ್ಕೆ ಕೂತಾಗ ಅನ್ನದ ಅಗುಳನ್ನೂ, "ನೀನು ಎಲ್ಲಿಯದು?" ಎಂದು ಕೇಳಿಯೇ ಬಾಯಿಗಿಡುತ್ತಿದ್ದರು.

"ಇಲ್ಲೇ ನೆಲೆಸಬೇಕು ಮಹಾಸ್ವಾಮಿ" ಎಂದ ತಮ್ಮಣ್ಣಯ್ಯ.

"ಅರಮನೆಯ ಮೇಲಿನ ಕುಂಬಳಕಾಯಿ ಕಾಣುತ್ತಿದೆಯೇ? ಅದು ಹಣ್ಣಾಗುವವರೆಗೆ ನೀವು ಅತಿಥಿಗಳು. ಹಣ್ಣಾದ ದಿನ ನಮ್ಮ ಸೌಟಯ್ಯ ಎಲ್ಲ ಮನೆಗಳಿಗೂ ಬರುತ್ತಾನೆ. ಯಾರ ಮನೆಯಲ್ಲಿ ಬೇರೆಯವರ ಪಾತ್ರೆ ಇಲ್ಲವೋ ಅವರು ಊರಿನವರು. ಇದ್ದವರು ಅತಿಥಿಗಳು. ಅತಿಥಿಗಳು ದೋಣಿ ಹತ್ತಬೇಕು."

"ಅದೇಕೆ ಹಾಗೆ?" ಎಂದಳು ಗುಣವಂತಮ್ಮ.

"ಬೇರೆಯವರ ಪಾತ್ರೆ ಮನೆಯಲ್ಲಿದ್ದರೆ ಒಂದು ಕಣ್ಣು ಬೀದಿಯ ಮೇಲೇ ಇರುತ್ತದಮ್ಮಾ. ನಮಗೆ ಎರಡೂ ಕಣ್ಣು ಮನೆಯೊಳಗಿರುವವರು ಬೇಕು."

ಗುಣವಂತಮ್ಮನಿಗೆ ನಗು ಬಂತು. ಟ್ರಂಕಿನ ತುಂಬ ಇದ್ದದ್ದು ಅವಳದೇ ಪಾತ್ರೆಗಳು, ಎಲ್ಲದರ ಮೇಲೂ ಅವಳದೇ ಹೆಸರು. ಇಷ್ಟು ಸುಲಭದ ಪರೀಕ್ಷೆಯನ್ನು ಅವಳು ಕಂಡೇ ಇರಲಿಲ್ಲ.

ಬೀದಿಯ ಕೊನೆಯಲ್ಲಿ ಅವರಿಗೊಂದು ಮನೆ ಕೊಟ್ಟರು. ಹೊಸ್ತಿಲು ನೆಟ್ಟಗಿತ್ತು. ಗುಣವಂತಮ್ಮ ಅದನ್ನು ಮೂಲೆಯಿಂದ ಮೂಲೆಗೆ ನೋಡಿ, "ಇಲ್ಲೇ ಇರೋಣ ರೀ" ಎಂದಳು. ಅವಳು ಯಾವುದನ್ನೂ ಇಷ್ಟು ಬೇಗ ಒಪ್ಪಿದವಳಲ್ಲ.

ಅಂದೇ ಪಕ್ಕದ ಮನೆಯ ಝುಂಪಕ್ಕ ಒಂದು ಬಟ್ಟಲು ಪಾಯಸ ತಂದಳು. ದಾರಿ ಸವೆಸಿ ಬಂದವರಿಗೆ ಏನಾದರೂ ಕೊಡೋಣ ಎಂದು ಅವಳಿಗೆ ಅನ್ನಿಸಿತ್ತು. ಆ ದೇಶದಲ್ಲಿ ಹಿಂದೆ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಗಂಡ ಹೆಂಡತಿ ಪಾಯಸ ಕುಡಿದರು. ಬಟ್ಟಲು ಉಳಿಯಿತು.

"ತೊಳೆದು ಕೊಟ್ಟು ಬಾರೇ. ಸೌಟಯ್ಯ ಬಂದಾನು."

"ಖಾಲಿ ಬಟ್ಟಲನ್ನೇ? ನನ್ನನ್ನು ಏನೆಂದು ತಿಳಿದಿದ್ದೀರಿ?"

ಗುಣವಂತಮ್ಮನ ತಾಯಿ ಖಾಲಿ ಪಾತ್ರೆ ಹಿಂದಿರುಗಿಸಿದವರಲ್ಲ. ಅಜ್ಜಿಯೂ ಅಲ್ಲ. ಅವಳು ಒಲೆ ಹಚ್ಚಿ ಕೋಡುಬಳೆ ಕರಿದಳು. ಬಟ್ಟಲು ಚಿಕ್ಕದು, ಕೋಡುಬಳೆ ದೊಡ್ಡದು. ಆದ್ದರಿಂದ ಕೋಡುಬಳೆಗಳನ್ನು ತನ್ನ ಡಬ್ಬಿಗೆ ತುಂಬಿ, ಬಟ್ಟಲನ್ನು ಅದರ ಮೇಲಿಟ್ಟು ಕೊಟ್ಟುಬಂದಳು.

ಈಗ ಝುಂಪಕ್ಕನ ಮನೆಯಲ್ಲಿ ಬೇರೆಯವರ ಡಬ್ಬಿ. ಝುಂಪಕ್ಕ ಓಡಿ ಬಂದಳು.

"ಗುಣವಂತಕ್ಕಾ, ನಿಮ್ಮ ಡಬ್ಬಿ ತೆಗೆದುಕೊಳ್ಳಿ. ನನ್ನನ್ನು ಅತಿಥಿ ಮಾಡಬೇಡಿ."

"ಖಾಲಿ ತಂದಿರಲ್ಲ ಝುಂಪಕ್ಕಾ" ಎಂದಳು ಗುಣವಂತಮ್ಮ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು.

ಝುಂಪಕ್ಕನ ಮುಖ ಕೆಂಪಾಯಿತು. ಮನೆಗೆ ಹೋಗಿ ಡಬ್ಬಿಗೆ ಉಂಡೆ ತುಂಬಿದಳು. ಹೆಚ್ಚಾದದ್ದನ್ನು ತನ್ನ ತಪ್ಪಲೆಗೆ ಹಾಕಿ ಎರಡನ್ನೂ ತಂದಿಟ್ಟಳು. ಈಗ ಗುಣವಂತಮ್ಮನ ಮನೆಯಲ್ಲಿ ತಪ್ಪಲೆ. ಅವಳು ತಪ್ಪಲೆಗೆ ಪುಳಿಯೋಗರೆ ತುಂಬಿ, ಹೆಚ್ಚಾದದ್ದನ್ನು ತನ್ನ ಕೊಳಗಕ್ಕೆ ಹಾಕಿ ಕಳಿಸಿದಳು. ಝುಂಪಕ್ಕನಿಗೆ ಕೊಳಗ ತುಂಬಿಸಿಕೊಡುವ ಶಕ್ತಿ ಇರಲಿಲ್ಲ. ಅವಳು ಅದನ್ನು ಎದುರು ಮನೆಗೆ ದಾಟಿಸಿದಳು. ಎದುರು ಮನೆಯವರು ಕೇಳಿದರು, "ಇದನ್ನು ಖಾಲಿ ಕೊಡಬಹುದೇ?"

"ಕೊಡಬಾರದಂತೆ."

"ಯಾಕಂತೆ?"

"ಗುಣವಂತಕ್ಕ ನೋಡುತ್ತಾರೆ."

ಹೀಗೆ ಗುಣವಂತಮ್ಮ ಮತ್ತೆ ತುಂಬಿ ಕಳಿಸಿದ ಡಬ್ಬಿ ಒಂದು ಬೀದಿಗೆ ಹೋಯಿತು, ಕೊಳಗ ಇನ್ನೊಂದು ಬೀದಿಗೆ ಹೋಯಿತು, ಊರಿನ ತಪ್ಪಲೆ, ಬೋಗುಣಿ, ಜರಡಿಗಳೆಲ್ಲ ಅವುಗಳ ಹಿಂದೆ ಹೋದವು. ಜರಡಿಯಲ್ಲಿ ಮಜ್ಜಿಗೆ ಕಳಿಸಿದವರೂ ಇದ್ದರು. ಕೊಡುವ ಮನಸ್ಸು ಮುಖ್ಯ ಎಂದರು. ತಮ್ಮಣ್ಣಯ್ಯ ಎಲ್ಲದಕ್ಕೂ ಮುಚ್ಚಳ ಮಾಡಿ ಸುಸ್ತಾದ. ಅರಮನೆಯ ಮೇಲೆ ಕೂತ ಕುಂಬಳಕಾಯಿ ಇದನ್ನೆಲ್ಲ ನೋಡುತ್ತ ನೋಡುತ್ತ ಹಳದಿಯಾಗತೊಡಗಿತು.

ಕೊನೆಗೆ ಗುಣವಂತಮ್ಮನ ಡಬ್ಬಿ ಚಕ್ಕುಲಿ ತುಂಬಿಕೊಂಡು ಅರಮನೆಗೂ ಹೋಯಿತು. ಮಹಾರಾಜರು ಚಕ್ಕುಲಿ ತಿಂದು ಡಬ್ಬಿಯೊಳಗೆ ಇಣುಕಿದರು. ಊರಿನವರೆಲ್ಲ ತುಂಬಿ ಕೊಡುತ್ತಿರುವಾಗ ರಾಜ ಖಾಲಿ ಕೊಡುವುದುಂಟೇ? ಹಲ್ವ ಮಾಡಿಸಿದರು. ಅದು ಡಬ್ಬಿಗೆ ಹಿಡಿಸಲಿಲ್ಲ, ಹಾಕಲು ಅರಮನೆಯಲ್ಲಿ ಬೇರೆ ಒಂದು ಪಾತ್ರೆಯೂ ಉಳಿದಿರಲಿಲ್ಲ. ಮಹಾರಾಜರು ಕಿರೀಟ ತೆಗೆದು, ತಲೆಕೆಳಗೆ ಮಾಡಿ, ಹಲ್ವ ತುಂಬಿ ಕಳಿಸಿದರು. ಡಬ್ಬಿ ಅಲ್ಲೇ ಮರೆತುಹೋಯಿತು.

ಕಿರೀಟ ಗುಣವಂತಮ್ಮನ ಮನೆ ತಲುಪಿದ ದಿನವೇ ಕುಂಬಳಕಾಯಿ ಹಣ್ಣಾಯಿತು.

ಗುಣವಂತಮ್ಮ ಹಲ್ವ ತೆಗೆದು ಕಿರೀಟವನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ಆಮೇಲೆ ಡಬ್ಬಗಳನ್ನು ತಡಕಿದಳು. ಹಿಟ್ಟಿಲ್ಲ, ಬೆಲ್ಲವಿಲ್ಲ, ಒಂದು ಚಿಟಿಕೆ ಸಕ್ಕರೆಯೂ ಇಲ್ಲ.

"ಒಂದು ಸಲ ಖಾಲಿ ಕೊಟ್ಟುಬಿಡೇ" ಎಂದ ತಮ್ಮಣ್ಣಯ್ಯ. "ಅಲ್ಲಿ ಮನೆ ತವರಿಗೆ ಹೋಗಿದೆ. ಇಲ್ಲಿಯದೂ ಹೋದರೆ ಸಮುದ್ರದ ಮೇಲೆ ಟ್ರಂಕು ಹಾಕಿಕೊಂಡು ಕೂರಬೇಕು."

ಗುಣವಂತಮ್ಮ ಹೊಸ್ತಿಲನ್ನು ನೋಡಿದಳು. ಎಷ್ಟು ನೆಟ್ಟಗಿದೆ ಎನ್ನಿಸಿತು. ಕಿರೀಟವನ್ನು ಎತ್ತಿಕೊಂಡಳು. ಮತ್ತೆ ಇಟ್ಟಳು.

"ಆಗುವುದಿಲ್ಲ ರೀ. ಟ್ರಂಕು ಕಟ್ಟಿ."

ಸೌಟಯ್ಯ ಬಂದ. ಬಾಯ್ದೆರೆ ದೇಶದ ಪಾತ್ರೆಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನು ಸೌಟಿನಿಂದ ಕಿರೀಟಕ್ಕೆ ಬಡಿದು, "ಯಾರ ಮನೆಯವಳಮ್ಮಾ ನೀನು?" ಎಂದ.

"ರಾಜರ ಮನೆಯವಳು" ಎಂದಿತು ಕಿರೀಟ.

"ಅತಿಥಿಗಳು" ಎಂದ ಸೌಟಯ್ಯ. "ದೋಣಿಗೆ ನಡೆಯಿರಿ."

ಇಬ್ಬರೂ ಟ್ರಂಕು, ಕಿರೀಟ ಹಿಡಿದು ದೋಣಿಯಲ್ಲಿ ಕೂತರು. ತುಂಬಿ ಕೊಡುವವರೆಗೆ ಕಿರೀಟವನ್ನು ಬಿಡುವುದಿಲ್ಲ ಎಂದಳು ಗುಣವಂತಮ್ಮ. ಸೌಟಯ್ಯ ಪಕ್ಕದ ಮನೆಗೆ ಹೋದ. ಝುಂಪಕ್ಕನ ಅಡುಗೆಮನೆಯ ಜರಡಿ, "ನಾನು ಎದುರು ಮನೆಯವಳು" ಎಂದಿತು. ಝುಂಪಕ್ಕ ಬಂದು ದೋಣಿಯಲ್ಲಿ ಕೂತಳು. ಬೀದಿ ಸುತ್ತಿ ಎದುರು ಮನೆಗೇ ಮರಳಿದ್ದ ಕೊಳಗ, "ನಾನು ಗುಣವಂತಮ್ಮನದು" ಎಂದಿತು. ಎದುರು ಮನೆಯವರು ಬಂದು ಕೂತರು. ಬೀದಿ ಬಂದು ಕೂತಿತು. ಇನ್ನೊಂದು ಬೀದಿ ಬಂದು ಅದರ ತೊಡೆಯ ಮೇಲೆ ಕೂತಿತು.

"ಇನ್ನು ನನ್ನಿಂದ ಆಗೋಲ್ಲಪ್ಪ" ಎಂದಿತು ದೋಣಿ.

ಅರಮನೆಯಲ್ಲಿ ಸೌಟಯ್ಯ ಡಬ್ಬಿಗೆ ಬಡಿದ. "ಗುಣವಂತಮ್ಮನದು" ಎಂದಿತು ಡಬ್ಬಿ. ಮಹಾರಾಜರು ಬಂದು, ಸ್ವಲ್ಪ ಸರಿಯಿರಿ ಎಂದು, ಅಂಚಿನಲ್ಲಿ ಕೂತರು. ಸೌಟಯ್ಯನಿಗೆ ಅನುಮಾನ ಬಂತು. ತನ್ನ ಸೌಟನ್ನೇ ಮಂಡಿಗೆ ಬಡಿದು ಕೇಳಿದ.

"ನಿಮ್ಮ ಅತ್ತಿಗೆಯದು" ಎಂದಿತು ಸೌಟು. ಅವನೂ ಹತ್ತಿದ.

ದಡದಲ್ಲಿ ಯಾರೂ ಉಳಿಯಲಿಲ್ಲ.

"ನಮಗೆ ನೆಲೆಸಲು ಅಪ್ಪಣೆ ಕೊಡುವವರು ಯಾರು?" ಎಂದರು ಮಹಾರಾಜರು.

"ಊರಿನವರು ಕೊಡಬೇಕು" ಎಂದ ಸೌಟಯ್ಯ.

"ಊರಿನವರು ಯಾರು?"

ಎಲ್ಲರೂ ಅತ್ತಿತ್ತ ನೋಡಿದರು. ಆಗ ಗುಣವಂತಮ್ಮನ ಮಡಿಲಿನಲ್ಲಿದ್ದ ಕಿರೀಟ ಗಂಟಲು ಸರಿಮಾಡಿಕೊಂಡಿತು.

"ನನ್ನನ್ನು ಇನ್ನೊಮ್ಮೆ ಬಡಿಯಿರಿ" ಎಂದಿತು. ಸೌಟಯ್ಯ ಬಡಿದ. "ರಾಜರಿದ್ದಾಗ ನಾನು ರಾಜರದು. ಈಗ ಅವರು ಅತಿಥಿ. ಅತಿಥಿಗೆ ಕಿರೀಟ ಇರುವುದಿಲ್ಲ. ಆದ್ದರಿಂದ ನಾನು, ನನ್ನನ್ನು ಬೆಳಗಿ ಒರೆಸಿದ ಮನೆಯವಳು."

ಲೆಕ್ಕ ಸರಿಯಾಗಿತ್ತು. ಗುಣವಂತಮ್ಮನ ಹತ್ತಿರ ಬೇರೆಯವರ ಪಾತ್ರೆ ಒಂದೂ ಇರಲಿಲ್ಲ. ದೇಶದಲ್ಲೆಲ್ಲ ಊರಿನವರೆಂದರೆ ಅವಳು ಮತ್ತು ಅವಳ ಗಂಡ. ಮಹಾರಾಜರು ಕೈ ಮುಗಿದರು.

"ನಿಮಗೆ ಏನು ಕೆಲಸ ಬರುತ್ತೆ?" ಎಂದು ಕೇಳಿದಳು ಗುಣವಂತಮ್ಮ.

"ಕೂತುಕೊಳ್ಳುವುದು ಬರುತ್ತಮ್ಮಾ."

"ನೆಟ್ಟಗೆ ಕೂತುಕೊಳ್ಳಿ ಹಾಗಾದರೆ." ಮಹಾರಾಜರು ಕೂತರು. ಗುಣವಂತಮ್ಮ ಎದ್ದು ನಿಂತಳು. "ಇಂದಿನಿಂದ, ಯಾರ ಮನೆಯಲ್ಲಿ ನೆರೆಯವರ ಪಾತ್ರೆ ಇದೆಯೋ ಅವರು ಊರಿನವರು. ಇಲ್ಲದವರು ಅತಿಥಿಗಳು."

ಬೀದಿಗಳು ಎದ್ದವು. ಎಲ್ಲರೂ ದಡಕ್ಕೆ ಇಳಿದರು. ಮಹಾರಾಜರೂ ಡಬ್ಬಿಯನ್ನು ಎದೆಗವಚಿಕೊಂಡು ಇಳಿದರು. ದೋಣಿಯಲ್ಲಿ ಉಳಿದದ್ದು ಇಬ್ಬರೇ.

ಸೌಟಯ್ಯ ತಲೆ ಕೆರೆದುಕೊಂಡ. "ಅಮ್ಮಾ, ನಿಮ್ಮ ಹತ್ತಿರ ನೆರೆಯವರ ಪಾತ್ರೆ ಇಲ್ಲವಲ್ಲ. ನೀವೇ ಮಾಡಿದ ಕಾನೂನು."

"ಗೊತ್ತಿದೆ" ಎಂದಳು ಗುಣವಂತಮ್ಮ. ಸೆರಗು ಸರಿಮಾಡಿಕೊಂಡು ಕೂತಳು.

"ನಮಗೊಂದು ಮಾತು ಸೇರಿಸಬಾರದಿತ್ತೇನೇ?" ಎಂದ ತಮ್ಮಣ್ಣಯ್ಯ ಮೆಲ್ಲಗೆ.

"ನನಗೋಸ್ಕರ ಕಾನೂನನ್ನು ಸೊಟ್ಟ ಮಾಡಲೇ?"

ಅವಳು ದಡದ ಕಡೆ ನೋಡಲಿಲ್ಲ. ನೋಡಿದ್ದರೆ ಆ ಹೊಸ್ತಿಲು ಕಾಣುತ್ತಿತ್ತು. ಸೌಟಯ್ಯ ಹಗ್ಗ ಬಿಚ್ಚತೊಡಗಿದ. ದೋಣಿಗೂ ಬೇಜಾರಾಗಿತ್ತು, ಅದು ಹಗ್ಗದ ಗಂಟನ್ನು ಬಿಗಿಹಿಡಿದು ಕೂತಿತು.

ಅಷ್ಟರಲ್ಲಿ ಝುಂಪಕ್ಕ ಓಡಿ ಬಂದಳು. ಹಣ್ಣಾದ ಕುಂಬಳಕಾಯಿಯನ್ನು ಇಳಿಸಿ, ಹೆಚ್ಚಿ, ಪಾಯಸ ಮಾಡಿ, ಅದೇ ಹಳೆಯ ಬಟ್ಟಲಿಗೆ ಹಾಕಿಕೊಂಡು ಬಂದಿದ್ದಳು.

"ತೆಗೆದುಕೊಳ್ಳಿ ಗುಣವಂತಕ್ಕಾ. ಬಟ್ಟಲಿಗೆ ಅವಸರವಿಲ್ಲ."

ಸೌಟಯ್ಯ ಬಟ್ಟಲಿಗೆ ಬಡಿದ. "ಪಕ್ಕದ ಮನೆಯದು" ಎಂದಿತು ಬಟ್ಟಲು, ಊರಿಗೆಲ್ಲ ಕೇಳುವಂತೆ.

ಗುಣವಂತಮ್ಮ ದಡಕ್ಕೆ ಇಳಿದು ಮಹಾರಾಜರಿಗೆ ಕಿರೀಟ ತೊಡಿಸಿದಳು. "ಇದು ನಮ್ಮ ಮನೆಯದು. ಇಟ್ಟುಕೊಂಡಿರಿ."

"ಖಾಲಿ ಕೊಡುತ್ತಿದ್ದೀರಲ್ಲಮ್ಮಾ" ಎಂದರು ಮಹಾರಾಜರು.

"ಒಳಗೆ ನಿಮ್ಮ ತಲೆ ಇದೆಯಲ್ಲ" ಎಂದಳು ಗುಣವಂತಮ್ಮ.

ಮಹಾರಾಜರು ಮುಟ್ಟಿ ನೋಡಿಕೊಂಡರು. ಇತ್ತು.

ಕೆಲವು ದಿನಗಳ ಮೇಲೆ ಗುಣವಂತಮ್ಮನ ಹಳೆಯ ಮನೆ ನೀರು ತೊಟ್ಟಿಕ್ಕಿಸುತ್ತ ಸಮುದ್ರ ದಾಟಿ ಬಂತು. ಬೀದಿಯ ಕೊನೆಯಲ್ಲಿ ನಾಚಿಕೊಂಡು ನಿಂತಿತು. ಅದರ ಹೊಸ್ತಿಲು ಈಗಲೂ ಸೊಟ್ಟಗೇ ಇತ್ತು. ಗುಣವಂತಮ್ಮ ಬಹಳ ಹೊತ್ತು ನೋಡಿದಳು.

"ಒಳಗೆ ಯಾರದಾದರೂ ಪಾತ್ರೆ ಇದೆಯಾ?"

"ತವರಿನ ಪಕ್ಕದ ಮನೆಯವರ ತಪ್ಪಲೆ ಇದೆ" ಎಂದಿತು ಮನೆ.

"ಹಾಗಾದರೆ ಬಾ. ಕಾಲು ಒರೆಸಿಕೊಂಡು ಬಾ."

ಇದರ ನೀತಿ ಇಷ್ಟು: ಯಾರನ್ನಾದರೂ ನೀವು ಎಲ್ಲಿಯವರು ಎಂದು ಕೇಳುವ ಮುಂಚೆ, ನಿಮ್ಮ ಅಡುಗೆಮನೆಯ ಮೇಲಿನ ಕಪಾಟನ್ನು ಒಮ್ಮೆ ತೆರೆದು ನೋಡಿ. ಅಲ್ಲಿರುವ ಸ್ಟೀಲ್ ಡಬ್ಬಿ ಯಾರದೆಂದು ನನಗೆ ಚೆನ್ನಾಗಿ ಗೊತ್ತು.

ಕತೆ ಕೇಳಲು ನಿಮ್ಮ ಕಿವಿ ಕೊಟ್ಟಿರಿ. ಇಗೋ, ಹಿಂದಿರುಗಿಸಿದ್ದೇನೆ. ಖಾಲಿ ಇಲ್ಲ.