ಒಂದು ಹೋಳಿಗೆ, ಒಂದು ಗುಡ್ಡ

ಕವಲುಗುಂದದ ಪಾಳೆಯಗಾರ ಮುದಿಯಪ್ಪ ನಾಯಕನಿಗೆ ಒಂದು ಚಾಳಿಯಿತ್ತು. ಯಾರು ಏನು ಮಾಡುತ್ತಿದ್ದರೂ ಅವರನ್ನು ಪಕ್ಕಕ್ಕೆ ಸರಿಸಿ, "ಕೊಡು ಇಲ್ಲಿ, ಅದು ಹಾಗಲ್ಲ" ಅನ್ನುವುದು. ಊರಿನ ದುರದೃಷ್ಟಕ್ಕೆ ಅವನು ಮಾಡಿದ್ದು ನಿಜವಾಗಿಯೂ ಚೆನ್ನಾಗಿಯೇ ಇರುತ್ತಿತ್ತು. ಕೈಲಾಗದವನ ಜಂಬವನ್ನು ಒಂದೇ ದಿನದಲ್ಲಿ ಇಳಿಸಬಹುದು. ಕೈಲಾಗುವವನ ಜಂಬಕ್ಕೆ ಮದ್ದೆಲ್ಲಿ?

ಮೊದಲು ರುಮಾಲು ಸುತ್ತುವವನ ಕೆಲಸ ಹೋಯಿತು, ಆಮೇಲೆ ಕುದುರೆಗೆ ಲಾಳ ಕಟ್ಟುವವನದು. ಮೂರನೆಯ ಸರದಿ ಅಡಿಗೆಯ ಅಚ್ಚಯ್ಯನಿಗೆ ಬಂತು. ಹೋಳಿಗೆಯ ಅಂಚು ದಪ್ಪವಾಯಿತೆಂದು ನಾಯಕ ಊಟದ ಎಲೆ ಬಿಟ್ಟೆದ್ದು ಅಡಿಗೆಮನೆಗೆ ನುಗ್ಗಿ, ತಾನೇ ತಟ್ಟಿ ಬೇಯಿಸಿ ತೋರಿಸಿದ. ಅಂಚಿನ ತನಕ ಹೂರಣ, ಎತ್ತಿ ಹಿಡಿದರೆ ಬೆಳಕು ಕಾಣುವಷ್ಟು ತೆಳು. ಅಚ್ಚಯ್ಯ ಮನಸಾರೆ ಹೊಗಳಿದ. ಅದೇ ಅವನು ಮಾಡಿದ ತಪ್ಪು. "ಹಾಗಾದರೆ ನೀನೇಕೆ?" ಎಂದು ನಾಯಕ ಸೌಟು ಕಿತ್ತುಕೊಂಡ.

ಅಚ್ಚಯ್ಯನಿಗೆ ಐದು ಮಕ್ಕಳು, ಸೌಟು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಅವನು ಕಣ್ಣೊರೆಸಿಕೊಳ್ಳುತ್ತ ಆಸ್ಥಾನದ ವಿದೂಷಕ ಕೋನಪ್ಪನ ಮನೆಗೆ ಹೋದ. ನಾಯಕನ ಎದುರು ನಿಂತು ಮಾತಾಡುವ ಧೈರ್ಯ ಊರಿನಲ್ಲಿದ್ದದ್ದು ಕೋನಪ್ಪನೊಬ್ಬನಿಗೇ.

ಕೋನಪ್ಪ ಹೋಗಿ ಅಚ್ಚಯ್ಯನ ಪರವಾಗಿ ಕೇಳಿಕೊಂಡ. ನಾಯಕ ನಕ್ಕ. "ನಾಳೆ ಮಧ್ಯಾಹ್ನದೊಳಗೆ ಈ ಅರಮನೆಯಲ್ಲಿ ನನಗಿಂತ ಚೆನ್ನಾಗಿ ಕೆಲಸ ಮಾಡುವ ಒಬ್ಬನನ್ನು ತೋರಿಸು. ತೋರಿಸಿದರೆ ಅಚ್ಚಯ್ಯ ಉಳಿದ. ಇಲ್ಲದಿದ್ದರೆ ಅವನ ಜೊತೆಗೆ ನೀನೂ ಗಂಟು ಕಟ್ಟು."

ಮರುದಿನ ಬೆಳಿಗ್ಗೆ ನೆರೆಯ ತೊರೆಹಳ್ಳದ ರಾಯಭಾರಿ ಬಂದ. ಎರಡು ಸೀಮೆಗಳ ನಡುವಿನ ಗವಿಗುಡ್ಡದಲ್ಲಿ ಅರ್ಧ ತಮಗೆ ಸೇರಬೇಕೆಂದು ಅವರ ಹಟ. ಕವಲುಗುಂದದ ದನಗಳಿಗೆಲ್ಲ ಮೇವು ಆ ಗುಡ್ಡದಲ್ಲೇ. ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು: ರಾಯಭಾರಿ ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟುಕೊಂಡು ಬರುತ್ತಾನೆ, ಎಲೆ ಬಾಡುವುದರೊಳಗೆ ದೊರೆ ಉತ್ತರ ಕೊಡಬೇಕು. ಕೊಡದಿದ್ದರೆ ಕೇಳಿದ್ದಕ್ಕೆ ಒಪ್ಪಿದ ಹಾಗೆ.

ಆಳು ಓಡಿಹೋಗಿ ಸುದ್ದಿ ಮುಟ್ಟಿಸಿದ. ನಾಯಕ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕಣಕ ನಾದುತ್ತಿದ್ದ. ಹೋಳಿಗೆ ಮುಗಿಯಲಿ, ಆಮೇಲೆ ಗುಡ್ಡ ನೋಡೋಣ ಅಂದ.

ಕೋನಪ್ಪ ಆ ಉತ್ತರ ಕೇಳಿಸಿಕೊಂಡು ಸೀದಾ ಅಚ್ಚಯ್ಯನನ್ನು ಹುಡುಕಿದ. ತಲೆಗೊಂದು ರುಮಾಲು ಸುತ್ತಿ, ಕೈಹಿಡಿದು ತಂದು ದೊರೆಯ ಗದ್ದುಗೆಯ ಮೇಲೆ ಕೂರಿಸಿದ. ರಾಯಭಾರಿ ಬಾಗಿ ನಮಸ್ಕರಿಸಿ, ಗವಿಗುಡ್ಡದಲ್ಲಿ ತಮಗೆ ಅರ್ಧ ಬೇಕು ಎಂದ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲವೆನ್ನದೆ ಬಡಿಸಿದ ಕೈ ಅಚ್ಚಯ್ಯನದು. ಪಾಪ, ಬಾಯಿಗೆ ಬಂದದ್ದು ಪಂಕ್ತಿಯ ಮಾತೇ.

"ಅರ್ಧ ಯಾಕೆ ಸ್ವಾಮಿ, ಸಂಕೋಚ ಮಾಡ್ಕೋಬೇಡಿ. ಪೂರ್ತಿ ಹಾಕಿಸ್ಕೊಳ್ಳಿ."

ರಾಯಭಾರಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಕೋನಪ್ಪ ಅವನ ಕೈಗೆ ಮಜ್ಜಿಗೆ ಕೊಟ್ಟು ಜಗಲಿಯಲ್ಲಿ ಕೂರಿಸಿ, ಅಡಿಗೆಮನೆಗೆ ಹೋದ.

ನಾಯಕ ಅವನ ಬಾಯಿಗೇ ಒಂದು ಬಿಸಿ ಹೋಳಿಗೆ ತುರುಕಿದ. ಕೋನಪ್ಪ ನಿಧಾನವಾಗಿ ಅಗಿದು ನುಂಗಿ, ತಾನು ಸೋತೆನೆಂದು ಒಪ್ಪಿಕೊಂಡ. ಮಹಾಸ್ವಾಮಿಗಳಿಗಿಂತ ಚೆನ್ನಾಗಿ ಯಾವ ಕೆಲಸವನ್ನೂ ಮಾಡುವವರು ಅರಮನೆಯಲ್ಲಿ ಇಲ್ಲ. ತಾನು ಗಂಟು ಕಟ್ಟುವುದೇ ಸರಿ. ಹೊರಡುವ ಮುಂಚೆ ಒಂದು ಸುದ್ದಿ ಮಾತ್ರ ಹೇಳಬೇಕು: ಗದ್ದುಗೆ ಖಾಲಿಯಿತ್ತು, ಅಚ್ಚಯ್ಯನ ಕೈಯೂ ಖಾಲಿಯಿತ್ತು, ಎರಡನ್ನೂ ಜೋಡಿಸಿದ್ದಾಯಿತು. ಅವನು ಇಡೀ ಗವಿಗುಡ್ಡವನ್ನು ಬಡಿಸಿದ್ದಾನೆ.

ನಾಯಕನ ಮುಖ ಕಾದ ಕಾವಲಿಯ ಹಾಗಾಯಿತು. "ನನ್ನ ಕೆಲಸ ಮಾಡಲು ಆ ಅಡಿಗೆಯವನಿಗೆ ಯೋಗ್ಯತೆ ಇದೆಯೇನೋ?"

"ಕಿಂಚಿತ್ತೂ ಇಲ್ಲ ಮಹಾಸ್ವಾಮಿ. ಅದಕ್ಕೇ ಹೇಳಿದ್ದು. ಅಚ್ಚಯ್ಯ ಇಲ್ಲಿದ್ದು ನೀವು ಅಲ್ಲಿದ್ದರೆ ಹೋಳಿಗೆಯ ಅಂಚು ಕೂದಲೆಳೆಯಷ್ಟು ದಪ್ಪವಾಗುತ್ತದೆ. ನೀವು ಇಲ್ಲಿದ್ದರೆ ದನಗಳಿಗೆ ಹುಲ್ಲಿಲ್ಲ. ಅವನು ಒಲೆ ಮುಂದೆ ಕೂತರೆ ಊರಿಗೆ ಏನೂ ಕಳೆಯುವುದಿಲ್ಲ. ನೀವು ಕೂತರೆ ಒಂದು ಗುಡ್ಡ ಕಳೆಯುತ್ತದೆ. ಇಬ್ಬರಲ್ಲಿ ಯಾರ ಹೋಳಿಗೆ ಅಗ್ಗ?"

ನಾಯಕ ಸೌಟು ಕೆಳಗಿಟ್ಟ. ಎಲೆ ಬಾಡಿತೇ ಎಂದು ಸಣ್ಣ ದನಿಯಲ್ಲಿ ಕೇಳಿದ.

"ಬೆಳಿಗ್ಗೆಯಿಂದ ಯಾರೂ ನೋಡದಾಗ ನೀರು ಚಿಮುಕಿಸುತ್ತಿದ್ದೇನೆ. ತಮ್ಮೂರಿನ ಎಲೆ ಭಾರಿ ಗಟ್ಟಿ ಅಂತ ರಾಯಭಾರಿ ಬೀಗುತ್ತಿದ್ದಾನೆ."

ನಾಯಕ ಹಿಟ್ಟಿನ ಕೈಯಲ್ಲೇ ಜಗಲಿಗೆ ಓಡಿದ. ಗವಿಗುಡ್ಡದ ಗವಿಯ ಒಳಗೆ, ಕತ್ತಲ ಮೂಲೆಯಲ್ಲಿ, ಗುಡ್ಡವೆಲ್ಲ ಕವಲುಗುಂದದ್ದೆಂದು ತೊರೆಹಳ್ಳದ ದೊರೆಯ ಮುತ್ತಜ್ಜನೇ ಕೆತ್ತಿಸಿ ನೆಡಿಸಿದ ಗಡಿಕಲ್ಲು ಇತ್ತು. ಬಾಲ್ಯದಲ್ಲಿ ಅಜ್ಜನ ಹೆಗಲೇರಿ ಹೋಗಿ ಅದನ್ನು ನೋಡಿದ್ದವನು ನಾಯಕನೊಬ್ಬನೇ. ಆ ಕಲ್ಲಿನ ಮಾತೆತ್ತಿದ ಕೂಡಲೇ ರಾಯಭಾರಿ ಅರ್ಧದ ಹಟ ಬಿಟ್ಟ. ಆದರೂ, ಗದ್ದುಗೆಯ ಮೇಲಿದ್ದವರು ಪೂರ್ತಿ ಕೊಟ್ಟಿದ್ದರಲ್ಲ ಎಂದು ಗೊಣಗಿದ.

"ಅವನು ನಮ್ಮ ಅಡಿಗೆಯವನು. ಪೂರ್ತಿ ಅಂದದ್ದು ಹೋಳಿಗೆ," ಎಂದು ನಾಯಕ ಅವನ ಮುಂದೆ ಒಂದು ಎಲೆ ಹಾಕಿಸಿದ. ರಾಯಭಾರಿ ಏಳು ಹೋಳಿಗೆ ತಿಂದು, ಗುಡ್ಡವಿಲ್ಲದೆ ಹಿಂದಿರುಗಿದ.

ಅವತ್ತೇ ಸೌಟು ಅಚ್ಚಯ್ಯನಿಗೆ ವಾಪಸಾಯಿತು. ರುಮಾಲಿನವನಿಗೂ ಲಾಳದವನಿಗೂ ಕರೆ ಹೋಯಿತು. ಕೋನಪ್ಪನ ಗಂಟು ಬಿಚ್ಚಿಸಿ ಅವನ ಹೆಗಲಿಗೊಂದು ರೇಷ್ಮೆ ಶಾಲು ಹೊದಿಸಿದರು. ಆದರೆ ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ನಾಯಕ ಕೋನಪ್ಪನನ್ನು ಪಕ್ಕಕ್ಕೆ ಕರೆದು, ಏನೇ ಆಗಲಿ, ಹೋಳಿಗೆ ತನ್ನದೇ ಚೆನ್ನಾಗಿತ್ತು ತಾನೇ ಎಂದು ಪಿಸುಗುಟ್ಟಿದ.

"ಅಮೃತ, ಮಹಾಸ್ವಾಮಿ. ಆದರೆ ಒಂದು ಹೋಳಿಗೆಗೆ ಒಂದು ಗುಡ್ಡ ಅರಗಿಸಿಕೊಳ್ಳುವ ಹೊಟ್ಟೆ ಈ ಬಡವನಿಗಿಲ್ಲ."