ನೀರು ಬಿಟ್ಟದ್ದು ಯಾರು?

"ಕೇಳಿರಪ್ಪೋ ಕೇಳಿ! ನೀಲಗೆರೆಯ ಅರಸರ ಅಪ್ಪಣೆ. ಇನ್ನು ಮೇಲೆ ನೀರಿನ ವ್ಯಾಜ್ಯಗಳಿಗೆ ಬೇರೆಯೇ ನ್ಯಾಯಾಧಿಕಾರಿ. ಆ ಪದವಿ ಬೇಕೆನ್ನುವವರು ಅರಸರ ಮೂರು ಒಗಟು ಬಿಡಿಸಬೇಕು. ನೆರೆಮನೆಗೆ ನೀರು ಬಿಟ್ಟು ಹಾಳು ಮಾಡಿದನೆಂದು ಯಾರ ಮೇಲೆ ದೂರು ಬಂದಿದೆಯೋ ಅವರೂ ಬಿಡಿಸಬೇಕು. ಹೊತ್ತು ಮುಳುಗುವಾಗ ತಪ್ಪಿದವರ ತಲೆ ಹೋಗುತ್ತದೆ!"

ಹೀಗೆ ಡಂಗುರ ಹೊಡೆಸಿದ ಅರಸ ಕೆಟ್ಟವನೇನಲ್ಲ. ಬಚ್ಚಲ ನೀರು, ಸೂರಿನ ನೀರು, ಪಕ್ಕದವನ ಎಮ್ಮೆ ತೊಳೆದ ನೀರು, ಬೆಳಗಾದರೆ ಇದೇ ಜಗಳ ಕೇಳಿ ಕೇಳಿ ಅವನ ತಲೆ ಕೆಟ್ಟಿತ್ತು. ತಲೆ ಕೆಟ್ಟ ಅರಸರು ಬೇರೆಯವರ ತಲೆಗೇ ಕೈಹಾಕುವುದು ವಾಡಿಕೆ.

ಪದವಿಯ ಆಸೆಗೆ ಆಸ್ಥಾನದ ಪಂಡಿತನೂ ಕುದುರೆಪಡೆಯ ದಳವಾಯಿಯೂ ಮೀಸೆ ತಿರುವಿಕೊಂಡು ಬಂದರು. ಕೆಂಚ ಮಾತ್ರ ಆಸೆಯಿಂದ ಬಂದವನಲ್ಲ. ಅವನನ್ನು ಇಬ್ಬರು ಭಟರು ರಟ್ಟೆ ಹಿಡಿದು ತಂದಿದ್ದರು.

ಪೇಟೆಬೀದಿಯಲ್ಲಿ ಅವ್ವ ಬಿಟ್ಟುಹೋದ ಅರವಟಿಗೆ ನಡೆಸಿಕೊಂಡು, ದಾರಿಹೋಕರಿಗೆ ನೀರು ಕೊಟ್ಟುಕೊಂಡು ಇದ್ದ ಹುಡುಗ ಅವನು. ಗೋಡೆಗೆ ಗೋಡೆ ಅಂಟಿಕೊಂಡಂತೆ ಉಪ್ಪಿನ ವ್ಯಾಪಾರಿ ಕಾಳಯ್ಯನ ಮನೆ. ಪುಕ್ಕಟೆ ನೀರು ಕೊಡುವ ಬಡವನೆಂದರೆ ಕಾಳಯ್ಯನಿಗೆ ಅಸಡ್ಡೆ. ಆ ಮನೆಯಲ್ಲಿ ಕೆಂಚನಿಗೆ ಹೆಸರೇ ಇರಲಿಲ್ಲ. "ಅದು ಎದ್ದೈತಾ? ಅದು ಬಾಗಿಲು ತೆಗೀತಾ?" ಎಂದೇ ಮಾತು. ಮಳೆ ಹಿಡಿದ ಒಂದು ದಿನ ಉಗ್ರಾಣದ ಉಪ್ಪಿನ ಮೂಟೆಗಳ ಬುಡ ಒದ್ದೆಯಾಗಿ ನೆಲವೆಲ್ಲ ನೀರಾಯಿತು. ಕೆಂಚನೇ ಗೋಡೆಯಾಚೆಯಿಂದ ನೀರು ಬಿಟ್ಟಿದ್ದಾನೆಂದು ಕಾಳಯ್ಯ ಅರಮನೆಗೆ ದೂರು ಕೊಟ್ಟ.

ಕೆಂಚ ತನ್ನ ಗಡಿಗೆಗಳನ್ನು ಒಂದೊಂದಾಗಿ ಎತ್ತಿ ನೋಡಿದ್ದ. ಸೋರಿದ್ದು ಕಾಣಲಿಲ್ಲ. ಆದರೆ ಗೋಡೆ ಮುಟ್ಟಿದರೆ ಥಂಡಿ ಹಿಡಿದು ತಣ್ಣಗಿತ್ತು. ನಾನಲ್ಲ ಎಂದು ಗಟ್ಟಿಯಾಗಿ ಹೇಳಲು ಅವನಿಗೇ ಧೈರ್ಯ ಬರಲಿಲ್ಲ. ಪರವಾಗಿ ಮಾತಾಡುವವರೂ ಯಾರೂ ಇರಲಿಲ್ಲ. ಅವನ ಕೈಯಲ್ಲಿ ನೀರು ಕುಡಿದ ಊರೆಲ್ಲ ಆ ದಿನ ಬೇರೆ ಕಡೆ ನೋಡುತ್ತಿತ್ತು.

ಅರಸ ಮೊದಲ ಒಗಟು ಹೇಳಿದ. "ಕಾಲಿಲ್ಲ, ಗೋಡೆ ದಾಟುತ್ತದೆ. ಸದ್ದಿಲ್ಲ, ಒಳಗೆ ಬರುತ್ತದೆ. ಬರುವಾಗ ಯಾರಿಗೂ ಕಾಣದು, ಬಂದ ಮೇಲೆ ಗೋಡೆಯೇ ಹೇಳುತ್ತದೆ. ಏನದು?"

ಪಂಡಿತ ಗಾಳಿ ಎಂದ. ಗಾಳಿಗೆ ಸದ್ದುಂಟು ಎಂದು ಅವನನ್ನು ಸೆರೆಮನೆಗೆ ನಡೆಸಿದರು. ದಳವಾಯಿ ಕಳ್ಳ ಎಂದ. ಕಳ್ಳನಿಗೆ ಕಾಲುಂಟು ಎಂದು ಅವನನ್ನೂ ನಡೆಸಿದರು. ಕೆಂಚನ ಸರದಿ ಬಂತು. ಬೆಳಿಗ್ಗೆ ಭಟರು ಅವನ ಮೂತಿಯನ್ನು ಮನೆಯ ಆ ತಣ್ಣನೆ ಗೋಡೆಗೆ ಒತ್ತಿ ತೋರಿಸಿದ್ದರಲ್ಲ, ಅವನಿಗೆ ಬೇರೇನೂ ಹೊಳೆಯಲಿಲ್ಲ.

"ಥಂಡಿ, ಸ್ವಾಮಿ," ಎಂದ.

ಅರಸ ಸರಿಯೆಂದು ತಲೆಯಾಡಿಸಿ ಎರಡನೆಯದು ಹೇಳಿದ. "ಬೊಗಸೆ ತುಂಬದಷ್ಟು ನೀರು. ಅದನ್ನು ಬಿಟ್ಟರೆ ಒಂದು ಮನೆ ಬರಿದಾಗುತ್ತದೆ, ಇನ್ನೊಂದು ಮನೆ ತುಂಬುತ್ತದೆ. ಕಳೆದುಕೊಂಡವರೇ ಕರೆದು ಊಟ ಹಾಕುತ್ತಾರೆ. ಯಾರೂ ದೂರು ಕೊಡುವುದಿಲ್ಲ. ಯಾವ ನೀರು?"

ಕೆಂಚನಿಗೆ ತಂಗಿ ದ್ಯಾವಿಯ ನೆನಪಾಯಿತು. ಅಪ್ಪನಿಲ್ಲದ ಮದುವೆಯಲ್ಲಿ ಅವನೇ ಅವಳ ಕೈಮೇಲೆ ನೀರು ಬಿಟ್ಟಿದ್ದ. ಆಮೇಲೆ ಮನೆಯಲ್ಲಿ ಅವನೊಬ್ಬನೇ ಉಳಿದ. "ಧಾರೆ ನೀರು," ಎಂದ.

"ಸರಿ. ಕೊನೆಯದು. ಮೋಡದಿಂದ ಬೀಳಲಿಲ್ಲ, ಕೊಡದಿಂದ ಚೆಲ್ಲಲಿಲ್ಲ. ಉಪ್ಪಿದ್ದಲ್ಲೇ ಹುಟ್ಟುತ್ತದೆ. ಸುರಿದವನು ಯಾರೆಂದು ಹುಡುಕಿದರೆ ನೆರೆಯಲ್ಲೆಲ್ಲೂ ಸಿಗುವುದಿಲ್ಲ. ಯಾವ ನೀರು?"

ಕೆಂಚನಿಗೆ ಗೊತ್ತಾಗಲಿಲ್ಲ. ಸಮುದ್ರವಿರಬಹುದೇ ಎಂದುಕೊಂಡ, ಹೇಳಲು ಹೆದರಿದ. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ನಾಳೆ ಗಡಿಗೆ ತುಂಬುವವರು ಯಾರು ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಬದುಕಬೇಕೆಂದು ಬಹಳ ಆಸೆಯಾಯಿತು, ಏನೂ ಮಾಡಲಾಗಲಿಲ್ಲ. ಕೆನ್ನೆಯಿಂದ ಇಳಿದದ್ದು ತುಟಿಗೆ ತಾಗಿತು. ಉಪ್ಪುಪ್ಪಗಿತ್ತು.

"ಕಣ್ಣೀರು, ಸ್ವಾಮಿ," ಎಂದ.

ಅರಸ ಹೌದು ಎನ್ನುವ ಮೊದಲೇ ಹಿಂದಿನಿಂದ ಒಂದು ಮುದಿದನಿ ಬಂತು. ಸಾಕ್ಷಿ ಹೇಳಲು ಕಾಳಯ್ಯ ಕರೆತಂದಿದ್ದ ಅವನ ತಾಯಿ ನಿಂಗಜ್ಜಿ. "ಕಣ್ಣೀರೆಲ್ಲಿ ಬಂತಪ್ಪ? ಉಪ್ಪಲ್ವಾ ಅದು? ಮಳೆಗಾಲ್ದಾಗೆ ಉಪ್ಪು ತಾನೇ ನೀರು ಬಿಡ್ತದೆ. ಅವತ್ತೂ ನಾನು ಉಗ್ರಾಣದಿಂದ ಕೂಗಿ ಅದನ್ನೇ ಹೇಳ್ದೆ, ಅದು ನೀರು ಬಿಟ್ಟೈತೆ ಕಣ್ಲಾ ಅಂತ."

ಕಾಳಯ್ಯನ ಮುಖ ಬಿಳಿಚಿಕೊಂಡಿತು. "ಅದು ಅಂದ್ಯಲ್ಲವ್ವ!"

"ಉಪ್ಪನ್ನ ಅದು ಅನ್ನದೆ ಅವರು ಅನ್ಲಾ?"

"ನಮ್ಮನೇಲಿ ಅದು ಅಂದ್ರೆ ಪಕ್ಕದ್ಮನೇವ್ನೇ ಅಲ್ವಾ," ಎಂದುಬಿಟ್ಟ ಕಾಳಯ್ಯ. ಆಮೇಲೆ ನಾಲಿಗೆ ಕಚ್ಚಿಕೊಂಡ.

ಅರಸನಿಗೂ ನಾಚಿಕೆಯಾಗಿರಬೇಕು, ಒಂದು ತಲೆ ಹೋಗುವುದರಲ್ಲಿತ್ತು. ಅವನೇ ಎದ್ದು ಬಿಡಿಸಿ ಹೇಳಿದ. ಥಂಡಿಗೆ ಯಾರ ಗೋಡೆ ಎಂಬ ಭೇದವಿಲ್ಲ, ಮಳೆಗಾಲದಲ್ಲಿ ಎಲ್ಲರ ಗೋಡೆಯೂ ತಣ್ಣಗೇ. ಧಾರೆಯಲ್ಲಿ ಕಳೆದುಕೊಂಡವರು ದೂರುವುದಿಲ್ಲ, ಏಕೆಂದರೆ ಆಚೆಯವರನ್ನು ಅವರು ತಮ್ಮವರೆಂದುಕೊಂಡಿದ್ದಾರೆ. ಕಣ್ಣಿನ ನೀರಿಗೂ ಉಪ್ಪಿನ ನೀರಿಗೂ ಸುರಿದವನಿಲ್ಲ. "ಮೂರನೆಯದಕ್ಕೆ ನನಗೆ ಒಂದೇ ಉತ್ತರ ಗೊತ್ತಿತ್ತು. ಅಜ್ಜಿಗೆ ಇನ್ನೊಂದು ಗೊತ್ತಿತ್ತು," ಎಂದ. ದೂರನ್ನು ವಜಾ ಮಾಡಿ, ಏನು ಬೇಕೋ ಕೇಳು ಎಂದು ಕೆಂಚನಿಗೆ ಹೇಳಿದ.

ಕೆಂಚ ಪಂಡಿತನನ್ನೂ ದಳವಾಯಿಯನ್ನೂ ಬಿಡಿಸಿಕೊಂಡ. ತನಗೆಂದು ಏನೂ ಕೇಳಲು ತೋಚಲಿಲ್ಲ. ನೀರಿನ ನ್ಯಾಯಾಧಿಕಾರಿಯ ಪದವಿಯನ್ನು ಅರಸನೇ ಕೊಟ್ಟ.

ಅರವಟಿಗೆಯ ಕಟ್ಟೆಯ ಮೇಲೆ ಕೂತೇ ಕೆಂಚಯ್ಯ ನ್ಯಾಯ ಹೇಳತೊಡಗಿದ. ನೀರಿನ ದೂರು ತಂದವರನ್ನು ಅವನು ಮೊದಲು ಕೇಳುತ್ತಿದ್ದದ್ದು ಒಂದೇ: "ನಿಮ್ಮ ಮನೇಲಿ ಪಕ್ಕದವರನ್ನ ಏನಂತ ಕರೀತೀರಿ?" ಅರ್ಧ ಜನ ಅಲ್ಲಿಂದಲೇ ಮನೆಗೆ ಹಿಂತಿರುಗುತ್ತಿದ್ದರು.

ಮರುವರ್ಷ ಮಳೆ ಹಿಡಿಯಿತು. ಉಗ್ರಾಣದಿಂದ ನಿಂಗಜ್ಜಿ ಮತ್ತೆ ಕೂಗಿದಳು, ಅದು ನೀರು ಬಿಟ್ಟೈತೆ ಎಂದು. ಕಾಳಯ್ಯ ಎದ್ದು ಹೋಗಿ ಮೂಟೆ ಮುಟ್ಟಿ ನೋಡಿದ. ಆಮೇಲೆ ಹೊರಗೆ ಬಂದು, ಕಟ್ಟೆಯ ಮುಂದೆ ಬಹಳ ಹೊತ್ತು ನಿಂತ.

"ಕೆಂಚಣ್ಣ, ಒಂದು ಲೋಟ ನೀರು ಕೊಡ್ತೀರಾ?" ಎಂದ.

ಕೆಂಚ ಕೊಟ್ಟ. ಕಾಳಯ್ಯ ಅಲ್ಲೇ ನಿಂತು ಕುಡಿದ.