ಚಪ್ಪಲಿ ಕಳ್ಳನೂ ಕ್ಯಾಮೆರಾವೂ

ಲೋಕಸಭೆ ಚುನಾವಣೆ ಹತ್ತಿರ ಬಂದಿತ್ತು. ಮತಯಂತ್ರ ಇಡುವ ಕಾಲೇಜಿನ ಬಂದೋಬಸ್ತ್ ನೋಡಿ ಬರಲು ಊರಿನ ನಾಗರಿಕ ಸಮಿತಿ ರೊಟ್ಟಿ ಮಾರುವ ಶಾವಂತ್ರವ್ವನನ್ನು ಕಳಿಸಿತು. ಸಮಿತಿಯ ಉಳಿದವರು ಯಾರು ಏನು ಹೇಳಿದರೂ ನಂಬುವ ಪೈಕಿ. ಈಕೆಗೆ ದಿನಾ ಬರುವ ಹಾಲಿನವನ ಮೇಲೂ ಅನುಮಾನ.

ಅಧಿಕಾರಿ ಹಂಪಣ್ಣವರ್ ಸಾಹೇಬರು ಬಾಗಿಲಲ್ಲೇ ಎದುರಾದರು. ‘ಎಲ್ಲಾ ಕಡೆ ಕ್ಯಾಮೆರಾ ಅದಾವ. ಇರುವಿ ಹಾದ್ರೂ ಗೊತ್ತಾಕ್ಕೈತಿ. ಹೊರಗ ಪತ್ರಿಕೆಯವರು ನಿಂತಾರ. ಬಂದೋಬಸ್ತ್ ಛಲೋ ಐತಿ ಅಂತ ಹೇಳೇ ಹೋಗಬೇಕು ನೀವು.’

ಶಾವಂತ್ರವ್ವ ತಲೆಯೆತ್ತಿ ಕ್ಯಾಮೆರಾ ನೋಡಿದಳು. ಅದು ತನ್ನನ್ನು ನೋಡುತ್ತಿದೆ ಅಂತ ಆಕೆಗೆ ಅನಿಸಲಿಲ್ಲ. ‘ಆತ್ರಿ ಸಾಹೇಬ್ರ’ ಎಂದು ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದಳು. ಸಾಹೇಬರು ಫೋನಿನಲ್ಲಿ ಮಾತಾಡುತ್ತಿದ್ದಾಗ ಮತ್ತೆ ಬಾಗಿಲಿಗೆ ಬಂದವಳು ಲಬೋ ಲಬೋ ಎಂದು ಬಾಯಿ ಬಡಿದುಕೊಂಡಳು.

‘ನನ್ನ ಚಪ್ಪಲಿ ಯಾರೋ ಒಯ್ದಾರ! ಕ್ಯಾಮೆರಾ ನೋಡಿ ಕಳ್ಳನ್ನ ತೋರಸ್ರಿ!’

ಸಾಹೇಬರು ಕ್ಯಾಮೆರಾ ಕಡೆ ತಿರುಗಲೇ ಇಲ್ಲ. ಪೊಲೀಸರನ್ನು ಬೈದರು. ಕಸ ಗುಡಿಸುವವನ ಮೇಲೆ ರೇಗಿದರು. ಕೊನೆಗೆ ಬೆವರು ಒರೆಸಿಕೊಂಡು, ‘ಅವ್ವಾ, ಒದರಬ್ಯಾಡ್ರಿ. ಹೊಸಾ ಚಪ್ಪಲಿ ಕೊಡಸ್ತೀನಿ’ ಅಂದರು.

‘ನಾಳೆ ಮತಯಂತ್ರ ಹೋದ್ರೂ ಹೊಸಾವು ಕೊಡಸ್ತೀರೇನು?’

ಹೀಗೆಂದ ಶಾವಂತ್ರವ್ವ ತನ್ನ ಚೀಲದಿಂದಲೇ ಚಪ್ಪಲಿ ತೆಗೆದು ಮೆಟ್ಟಿಕೊಂಡಳು. ಅದೇ ಕ್ಯಾಮೆರಾದ ಕೆಳಗೆ ನಿಂತೇ ಅವನ್ನು ಚೀಲಕ್ಕೆ ತುರುಕಿದ್ದಳು. ಸಾಹೇಬರು ಕುರ್ಚಿ ಹತ್ತಿ ಕ್ಯಾಮೆರಾದ ಹಿಂದೆ ಇಣುಕತೊಡಗಿದರು.

ಹೊರಗೆ ಪತ್ರಿಕೆಯವರು ಮುತ್ತಿಕೊಂಡರು. ‘ಬಂದೋಬಸ್ತ್ ಹೆಂಗೈತವ್ವಾ?’

‘ನನ್ನ ಚಪ್ಪಲಿ ಸಿಕ್ಕಾವ’ ಅಂದಳು ಶಾವಂತ್ರವ್ವ. ‘ಕ್ಯಾಮೆರಾದ ವೈರ್ ಎಲ್ಲಿ ಐತಿ ಅಂತ ಸಾಹೇಬ್ರು ಇನ್ನೂ ಹುಡುಕಾಕತ್ತಾರ.’